ಮಿದುಳಿನ ತೊಗಟೆಯಲ್ಲಿ ತಡೆಯ ಕೋಶಗಳು

ಲೋಕವು ವೇಗವನ್ನು ಹೊಗಳುತ್ತದೆ, ತಡೆಯನ್ನು ಹಳಿಯುತ್ತದೆ. ಓಡುವ ಕುದುರೆಗೆ ದೊರೆಯುವ ಪ್ರಶಂಸೆ ಅದರ ಬಾಯೊಳಗಣ ಕಡಿವಾಣಕ್ಕೆ ದೊರೆಯುವುದಿಲ್ಲ. ಆದರೆ ಹುನಗುಂದ ಸೀಮೆಯ ಎರೆಹೊಲಗಳಲ್ಲಿ ಒಡ್ಡು ಕಟ್ಟಿದ ರೈತನಿಗೆ ತಡೆಯ ಬೆಲೆ ಗೊತ್ತು. ಒಡ್ಡು ಮಳೆಯ ನೀರಿಗೆ ಶತ್ರುವಲ್ಲ. ಅದರ ಓಟವನ್ನು ನಿಧಾನಗೊಳಿಸಿ ಮಣ್ಣಿನೊಳಕ್ಕೆ ಇಳಿಸುತ್ತದೆ, ಹೆಚ್ಚಾದುದನ್ನು ಕೋಡಿಯ ಮೂಲಕ ಮುಂದಕ್ಕೆ ಕಳುಹುತ್ತದೆ. ಇಳಕಲ್ಲಿನ ಕುಣಿಮಗ್ಗದ ಮುಂದೆ ಕುಳಿತ ನೇಕಾರನಿಗೂ ಇದು ಗೊತ್ತು. ಅವನ ಕಾಲಿನ ತುಳಿತಕ್ಕೆ ಹಾಸಿನ ಎಳೆಗಳಲ್ಲಿ ಕೆಲವು ಮೇಲೇಳುತ್ತವೆ, ಉಳಿದವು ಕೆಳಗೇ ತಡೆದು ನಿಲ್ಲುತ್ತವೆ. ಆ ನಡುವಣ ಕಂಡಿಯಲ್ಲಿ ಲಾಳಿ ಹಾಯುತ್ತದೆ. ಎಲ್ಲ ಎಳೆಗಳೂ ಒಮ್ಮೆಲೇ ಎದ್ದರೆ ಲಾಳಿಗೆ ದಾರಿಯಿಲ್ಲ. ಸೀರೆಯೂ ಇಲ್ಲ, ಸೆರಗೂ ಇಲ್ಲ.

ಮನುಷ್ಯನ ಮಿದುಳಿನಲ್ಲಿಯೂ ಇಂಥದೇ ಒಂದು ವ್ಯವಸ್ಥೆಯುಂಟು. ಅಲ್ಲಿ ಸಂದೇಶವನ್ನು ಮುಂದಕ್ಕೆ ಒಯ್ಯುವ ಕೋಶಗಳಿರುವಂತೆ, ಅವುಗಳನ್ನು ತಡೆಯುವುದಕ್ಕೆಂದೇ ಇರುವ ಕೋಶಗಳೂ ಇವೆ. ಇವು ಒಂದೇ ಬಗೆಯವಲ್ಲ. ಒಂದೊಂದು ಬಗೆಯೂ ಒಂದೊಂದು ಸ್ಥಳದಲ್ಲಿ, ಒಂದೊಂದು ಸಮಯದಲ್ಲಿ, ಒಂದೊಂದು ರೀತಿಯಲ್ಲಿ ತಡೆಯುತ್ತದೆ. ನೋಟ, ಶ್ರವಣ, ನೆನಪು, ಗಮನ ಇವೆಲ್ಲಕ್ಕೂ ಆಕಾರ ಬರುವುದರಲ್ಲಿ ಈ ತಡೆಗಳ ಪಾತ್ರ ಹಿರಿದು. ತಡೆ ಸೋತಾಗ ಒದಗುವ ವಿಪತ್ತುಗಳಲ್ಲಿ ಮುಖ್ಯವಾದುದು ಅಪಸ್ಮಾರ, ಎಂದರೆ ಮೂರ್ಛೆರೋಗ. ಆ ರೋಗವನ್ನು ದೆವ್ವವೆಂದೂ ಶಾಪವೆಂದೂ ಬಗೆದು ಮಕ್ಕಳನ್ನು ಶಾಲೆಯಿಂದ ಬಿಡಿಸುವ ಮನೆಗಳು ಇನ್ನೂ ಇರುವುದರಿಂದ, ಈ ವಿಷಯವನ್ನು ವಿದ್ಯಾರ್ಥಿಗಳೂ ಪಾಲಕರೂ ಅರಿಯುವುದು ಅವಶ್ಯ.

ತೊಗಟೆಯ ರಚನೆ

ಮಿದುಳಿನ ಹೊರಪದರಕ್ಕೆ ವಿಜ್ಞಾನಿಗಳು ಕಾರ್ಟೆಕ್ಸ್ ಎಂದು ಹೆಸರಿಟ್ಟಿದ್ದಾರೆ. ಅದು ಲ್ಯಾಟಿನ್ ಭಾಷೆಯ ಶಬ್ದ. ಅದರ ಅರ್ಥ ಮರದ ತೊಗಟೆ ಎಂದು. ಆದಕಾರಣ ಕನ್ನಡದಲ್ಲಿ ಅದನ್ನು ತೊಗಟೆಯೆಂದೇ ಕರೆಯಬಹುದು. ಇದರ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್ ಮಾತ್ರ. ಆದರೆ ಅದರೊಳಗೆ ಆರು ಪದರಗಳಿವೆ. ಸುಮಾರು 1,600 ಕೋಟಿ ನರಕೋಶಗಳಿವೆ.

ಪ್ರತಿಯೊಂದು ನರಕೋಶಕ್ಕೂ ಮೂರು ಅಂಗಗಳುಂಟು. ಸಂದೇಶವನ್ನು ಸ್ವೀಕರಿಸುವ ಕವಲುತಂತುಗಳು, ನಡುವಣ ಕೋಶಕಾಯ, ಸಂದೇಶವನ್ನು ಹೊರಗೊಯ್ಯುವ ನೀಳತಂತು. ಒಂದರ ನೀಳತಂತು ಮತ್ತೊಂದನ್ನು ಸೇರುವ ಸ್ಥಳವೇ ನರಸಂಧಿ. ವ್ಯಾಕರಣದ ಸಂಧಿಯಲ್ಲಿ ಒಮ್ಮೆ ಆಗಮವಾಗುತ್ತದೆ, ಒಮ್ಮೆ ಲೋಪವಾಗುತ್ತದೆ. 'ಊರು' 'ಅಲ್ಲಿ' ಸೇರುವಾಗ ಒಂದು ಸ್ವರವು ಲೋಪವಾದುದರಿಂದಲೇ 'ಊರಲ್ಲಿ' ಎಂಬ ಸುಭಗವಾದ ಪದ ಸಿದ್ಧಿಸುತ್ತದೆ. ನರಸಂಧಿಯಲ್ಲಿಯೂ ಹಾಗೆಯೇ: ಕೆಲವೆಡೆ ಪ್ರಚೋದನೆ, ಕೆಲವೆಡೆ ತಡೆ.

ತೊಗಟೆಯ ನರಕೋಶಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಪ್ರಚೋದಕಗಳು. ಅವುಗಳಲ್ಲಿ ಪ್ರಮುಖವಾದವು ಪಿರಮಿಡ್ಡಿನ ಆಕಾರದವು. ಇವುಗಳ ನೀಳತಂತು ದೂರದೂರದ ಭಾಗಗಳಿಗೂ ಹೋಗುತ್ತದೆ. ಮಿಕ್ಕ ಎರಡರಷ್ಟು ತಡೆಯ ಕೋಶಗಳು. ಇವುಗಳ ನೀಳತಂತು ಬಹುತೇಕ ನೆರೆಹೊರೆಯಲ್ಲಿಯೇ ಹರಡಿಕೊಂಡಿರುತ್ತದೆ. ಕೋಶಕೋಶಗಳ ನಡುವೆ ನಿಂತು ಕೆಲಸ ಮಾಡುವ ಇವಕ್ಕೆ ಅಂತರ್ನರಕೋಶಗಳೆಂದು ಹೆಸರು. ಸ್ಪೇನ್ ದೇಶದ ರಾಮೋನ್ ಇ ಕಾಹಾಲ್ ಎಂಬ ಮಹಾವಿಜ್ಞಾನಿ, 1906ರಲ್ಲಿ ಇಟಲಿಯ ಗಾಲ್ಜಿಯವರೊಡನೆ ನೊಬೆಲ್ ಪಾರಿತೋಷಕ ಪಡೆದವರು, ಈ ಗಿಡ್ಡ ತಂತುಗಳ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಚಿತ್ರಿಸಿದ್ದರು. 1932ರಲ್ಲಿ ಅದೇ ಪಾರಿತೋಷಕವನ್ನು ಪಡೆದ ಇಂಗ್ಲೆಂಡಿನ ಶೆರಿಂಗ್ಟನ್ನರು ತಮ್ಮ ಪಾರಿತೋಷಕದ ಉಪನ್ಯಾಸಕ್ಕೆ ಆರಿಸಿಕೊಂಡ ವಿಷಯವೂ ತಡೆಯೇ. ನರಮಂಡಲದ ಕಾರ್ಯಗಳನ್ನು ಹೊಂದಿಸುವ ಸಾಧನವಾಗಿ ಅದನ್ನು ಅವರು ವಿವರಿಸಿದರು.

ಗಾಬಾ ಎಂಬ ದ್ರವ್ಯ

ತಡೆಯ ಕೋಶಗಳು ನರಸಂಧಿಯಲ್ಲಿ ಒಂದು ರಾಸಾಯನಿಕವನ್ನು ಸುರಿಸುತ್ತವೆ. ಅದಕ್ಕೆ ಸಂಕ್ಷೇಪವಾಗಿ ಗಾಬಾ ಎಂದು ಹೆಸರು. ಗಾಬರಿಗೂ ಇದಕ್ಕೂ ಶಬ್ದಸಾಮ್ಯವಿದೆ, ಅರ್ಥದಲ್ಲಿ ಮಾತ್ರ ವಿರೋಧವಿದೆ. ಕೋಶಗಳ ಗಾಬರಿಯನ್ನು ಅಡಗಿಸುವುದೇ ಗಾಬಾದ ಕೆಲಸ. ಮಿದುಳಿನಲ್ಲಿ ಈ ದ್ರವ್ಯವಿರುವುದು 1950ರಲ್ಲಿ ಪತ್ತೆಯಾಯಿತು. ತೊಗಟೆಯಲ್ಲಿ ಅದು ತಡೆಯನ್ನು ಉಂಟುಮಾಡುತ್ತದೆಂಬುದು 1960ರ ದಶಕದ ಪ್ರಯೋಗಗಳಿಂದ ಸ್ಥಿರಪಟ್ಟಿತು.

ಗಾಬಾ ಬಂದು ತಟ್ಟಿದಾಗ ಮುಂದಣ ಕೋಶದ ಪೊರೆಯಲ್ಲಿ ಒಂದು ಸೂಕ್ಷ್ಮವಾದ ಬಾಗಿಲು ತೆರೆಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಣಗಳು ಅದರ ಮೂಲಕ ಒಳಹೊಗುತ್ತವೆ. ಋಣವಿದ್ಯುತ್ತಿನ ಆ ಕಣಗಳಿಂದ ಕೋಶವು ಸಂದೇಶ ಹೊರಡಿಸುವ ಮಟ್ಟದಿಂದ ಹಿಂದೆ ಸರಿಯುತ್ತದೆ. ಸೋಜಿಗದ ಸಂಗತಿಯೆಂದರೆ, ತೊಗಟೆಯಲ್ಲಿ ಪ್ರಚೋದನೆಯನ್ನು ಉಂಟುಮಾಡುವ ಮುಖ್ಯ ದ್ರವ್ಯವಾದ ಗ್ಲುಟಮೇಟ್ ಎಂಬುದೇ ಗಾಬಾದ ಕಚ್ಚಾಸಾಮಗ್ರಿ. ಅದರಿಂದ ಒಂದು ಚಿಕ್ಕ ಭಾಗವನ್ನು ಬೇರ್ಪಡಿಸಿದರೆ ಗಾಬಾ ಸಿದ್ಧವಾಗುತ್ತದೆ. ಈ ಕ್ರಿಯೆಗೆ ಬಿ-6 ಜೀವಸತ್ತ್ವವು ಬೇಕು. ಪ್ರಚೋದಕ ದ್ರವ್ಯದಿಂದಲೇ ತಡೆಯ ದ್ರವ್ಯವನ್ನು ಪಡೆಯುವುದು ಪ್ರಕೃತಿಯ ಮಿತವ್ಯಯ.

ತಡೆಯ ಬಗೆಗಳು

ತಡೆಯ ಕೋಶಗಳನ್ನು ಅವುಗಳ ಆಕಾರದಿಂದಲೂ ಅವುಗಳೊಳಗಿರುವ ವಿಶಿಷ್ಟ ದ್ರವ್ಯಗಳಿಂದಲೂ ವಿಂಗಡಿಸುತ್ತಾರೆ. ಅವುಗಳ ಕಾರ್ಯಭೇದವನ್ನು ತಿಳಿಯಲು ಒಂದು ಕೆರೆಯನ್ನು ನೆನೆಯಬಹುದು. ಬಾದಾಮಿಯ ಬಂಡೆಗಳ ಮೇಲೆ ಮಳೆ ಸುರಿದಾಗ ನೀರು ಹಲವು ಕಡೆಗಳಿಂದ ಧುಮ್ಮಿಕ್ಕಿ ಅಗಸ್ತ್ಯತೀರ್ಥದತ್ತ ಇಳಿಯುತ್ತದೆ. ಯಾವುದೇ ಕೆರೆಗೆ ನೀರು ತರುವ ಹಳ್ಳಗಳು ಹಲವು, ನೀರು ನಿಲ್ಲುವ ಅಂಗಳ ಒಂದು, ಹೊರಬಿಡುವ ತೂಬು ಒಂದು. ಪಿರಮಿಡ್ ಕೋಶವೂ ಹೀಗೆಯೇ. ಕವಲುತಂತುಗಳು ಹಳ್ಳಗಳು; ಕೋಶಕಾಯವು ಅಂಗಳ; ನೀಳತಂತಿನ ಮೊದಲ ತುದಿಯೇ ತೂಬು. ಈ ಮೂರು ಸ್ಥಳಗಳಲ್ಲಿಯೂ ಬೇರೆ ಬೇರೆ ಕಾವಲುಗಾರರಿದ್ದಾರೆ.

ಮೊದಲನೆಯವು ಬುಟ್ಟಿಕೋಶಗಳು. ಇವುಗಳ ತಂತುಗಳು ಪಿರಮಿಡ್ ಕೋಶದ ಕಾಯವನ್ನು ಬುಟ್ಟಿಯ ಹೆಣಿಗೆಯಂತೆ ಸುತ್ತುವರಿಯುತ್ತವೆ. ಇವುಗಳಲ್ಲಿ ಬಹುಪಾಲು ಕೋಶಗಳೊಳಗೆ ಪಾರ್ವಾಲ್ಬ್ಯುಮಿನ್ ಎಂಬ ಪ್ರೋಟೀನು ಇರುತ್ತದೆ. ವೇಗವೇ ಇವುಗಳ ಲಕ್ಷಣ. ಹೊರಗಿನಿಂದ ಒಂದು ಸಂದೇಶ ಬಂದಾಗ ಅದು ಪಿರಮಿಡ್ ಕೋಶವನ್ನೂ ಬುಟ್ಟಿಕೋಶವನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಬುಟ್ಟಿಕೋಶವು ಕೆಲವೇ ಮಿಲಿಸೆಕೆಂಡುಗಳಲ್ಲಿ ತಡೆಯನ್ನು ಹೇರುತ್ತದೆ. ಆ ಸ್ವಲ್ಪ ಅವಧಿಯೊಳಗೆ ಕೂಡಿಬಂದ ಸಂದೇಶಗಳಿಗೆ ಮಾತ್ರ ಉತ್ತರ ಹೊರಡುತ್ತದೆ. ತಡವಾಗಿ ಬಂದವು ಹೊರಗುಳಿಯುತ್ತವೆ. ಹೀಗೆ ಕಾಲವು ಕರಾರುವಾಕ್ಕಾಗುತ್ತದೆ. ಅಲ್ಲದೆ ಬುಟ್ಟಿಕೋಶಗಳು ಒಟ್ಟೊಟ್ಟಾಗಿ ತಡೆದು, ಒಟ್ಟೊಟ್ಟಾಗಿ ಬಿಡುವುದರಿಂದ ತೊಗಟೆಯಲ್ಲಿ ಸೆಕೆಂಡಿಗೆ ಸುಮಾರು 30ರಿಂದ 80 ಆವರ್ತಗಳ ಲಯವೊಂದು ಏಳುತ್ತದೆ. ಅದಕ್ಕೆ ಗ್ಯಾಮಾ ಲಯವೆಂದು ಹೆಸರು. ಯತಿಯಿಲ್ಲದೆ ಪದ್ಯದ ನಡೆ ಕೆಡುವಂತೆ, ಈ ನಿಯತವಾದ ವಿರಾಮವಿಲ್ಲದೆ ನರಕೋಶಗಳ ನಡೆಯೂ ಕೆಡುತ್ತದೆ.

ಎರಡನೆಯವು ತೂಗುದೀಪ ಕೋಶಗಳು. ಇವುಗಳ ತಂತುಗಳ ಕೊನೆಗಳು ಅರಮನೆಯ ತೂಗುದೀಪದ ಮೇಣದ ಬತ್ತಿಗಳಂತೆ ಸಾಲುಸಾಲಾಗಿ ನಿಂತಿರುತ್ತವೆ. ಇವು ನೀಳತಂತಿನ ಮೊದಲ ತುದಿಯನ್ನು, ಎಂದರೆ ತೂಬಿನ ಬಾಯನ್ನೇ ಹಿಡಿಯುತ್ತವೆಂದು ಹಂಗೆರಿಯ ಪೀಟರ್ ಶೊಮೊಗಿ ಎಂಬವರು 1977ರಲ್ಲಿ ತೋರಿಸಿದರು. ಒಂದೊಂದು ತೂಗುದೀಪ ಕೋಶವೂ ನೂರಾರು ಪಿರಮಿಡ್ ಕೋಶಗಳ ತೂಬಿಗೆ ಕೈಯಿಡಬಲ್ಲದು. ಕೆಲವು ಸನ್ನಿವೇಶಗಳಲ್ಲಿ ಅದು ತಡೆಯುವುದರ ಬದಲು ಪ್ರಚೋದಿಸಲೂಬಹುದೆಂದು 2006ರ ಪ್ರಯೋಗಗಳು ತೋರಿಸಿದವು. ಆದುದರಿಂದ ಕೋಶದ ಗುಣವನ್ನು ಅದರ ಹೆಸರಿನಿಂದಲ್ಲ, ಆಯಾ ಸಂದರ್ಭದ ಕಾರ್ಯದಿಂದಲೇ ನಿರ್ಣಯಿಸಬೇಕು.

ಮೂರನೆಯವು ಮಾರ್ಟಿನೊಟ್ಟಿ ಕೋಶಗಳು. ಇಟಲಿಯ ಕಾರ್ಲೋ ಮಾರ್ಟಿನೊಟ್ಟಿ ಇವನ್ನು 1889ರಲ್ಲಿ ವರ್ಣಿಸಿದರು. ಇವುಗಳೊಳಗೆ ಸೊಮಾಟೊಸ್ಟ್ಯಾಟಿನ್ ಎಂಬ ದ್ರವ್ಯವಿರುತ್ತದೆ. ಇವುಗಳ ತಂತು ಮೇಲಕ್ಕೇರಿ ತೊಗಟೆಯ ಮೊದಲ ಪದರವನ್ನು ತಲುಪಿ, ಅಲ್ಲಿ ಹರಡಿರುವ ಪಿರಮಿಡ್ ಕೋಶಗಳ ಕವಲುತಂತುಗಳ ಮೇಲೆ ಕುಳಿತುಕೊಳ್ಳುತ್ತದೆ. ಎಂದರೆ ಇವು ಕೆರೆಯನ್ನಲ್ಲ, ಹಳ್ಳಗಳನ್ನು ಕಾಯುತ್ತವೆ. ಯಾವ ಹಳ್ಳದ ನೀರು ಒಳಬರಬೇಕು, ಯಾವುದು ಬರಬಾರದು ಎಂಬುದನ್ನು ವಿವೇಚಿಸುತ್ತವೆ. ಬುಟ್ಟಿಕೋಶದಂತೆ ಇವು ಮೊದಲ ಕರೆಗೇ ಏಳುವುದಿಲ್ಲ. ಒಂದೇ ಕೋಶವು ಮತ್ತೆ ಮತ್ತೆ, ಅವಸರವಸರವಾಗಿ ಕೂಗತೊಡಗಿದಾಗ ಇವು ಕ್ರಮೇಣ ಎಚ್ಚರಗೊಂಡು ನೆರೆಯ ಕೋಶಗಳನ್ನು ಸುಮ್ಮನಾಗಿಸುತ್ತವೆ. ಬುಟ್ಟಿಕೋಶವು ಬಾಗಿಲ ಕಾವಲುಗಾರನಾದರೆ ಮಾರ್ಟಿನೊಟ್ಟಿ ಕೋಶವು ಮಾತು ಅತಿಯಾದಾಗ ಮಾತ್ರ ಕೈಯೆತ್ತುವ ಸಭೆಯ ಹಿರಿಯ.

ನಾಲ್ಕನೆಯವಕ್ಕೆ ವಿ.ಐ.ಪಿ. ಕೋಶಗಳೆಂದು ಹೆಸರು. ಇದು ಗಣ್ಯವ್ಯಕ್ತಿಗಳಿಗೆ ಸಲ್ಲುವ ಸಂಕ್ಷೇಪವಲ್ಲ. ಕೋಶದೊಳಗಿನ ಒಂದು ದ್ರವ್ಯದ ಹೆಸರಿನ ಮೊದಲ ಅಕ್ಷರಗಳು ಮಾತ್ರ. ಆದರೂ ಇವುಗಳ ಗಣ್ಯತೆಗೆ ಕೊರತೆಯಿಲ್ಲ. ಇವು ಮುಖ್ಯವಾಗಿ ತಡೆಯುವುದು ತಡೆಯುವವರನ್ನು, ಅದರಲ್ಲಿಯೂ ವಿಶೇಷವಾಗಿ ಸೊಮಾಟೊಸ್ಟ್ಯಾಟಿನ್ ಕೋಶಗಳನ್ನು. ಕನ್ನಡದಲ್ಲಿ 'ಅವನು ಬಾರದಿರನು' ಎಂದರೆ ಖಂಡಿತವಾಗಿ ಬರುತ್ತಾನೆಂದೇ ಅರ್ಥ; ಎರಡು ನಿಷೇಧಗಳು ಕೂಡಿ ಒಂದು ವಿಧಿಯಾಗುತ್ತದೆ. ಹಾಗೆಯೇ ವಿ.ಐ.ಪಿ. ಕೋಶವು ಹಳ್ಳದ ಕಾವಲುಗಾರನನ್ನು ತುಸು ಹೊತ್ತು ಕೂಡಿಸಿದಾಗ ಹಳ್ಳದ ನೀರು ಒಳಹರಿಯುತ್ತದೆ. ಈ ನಂಟನ್ನು 2013ರಲ್ಲಿ ಇಲಿಗಳ ಮೇಲೆ ನಡೆದ ಹಲವು ಪ್ರಯೋಗಗಳು ಸ್ಪಷ್ಟಪಡಿಸಿದವು. ಪ್ರಾಣಿಯು ಎಚ್ಚೆತ್ತು ನಡೆಯುವಾಗ, ಬಹುಮಾನವೋ ದಂಡನೆಯೋ ಒದಗಿದಾಗ ಈ ಕೋಶಗಳು ಚುರುಕಾಗುತ್ತವೆ. ಕಲಿಯಬೇಕಾದ ಗಳಿಗೆಯಲ್ಲಿ ಬಾಗಿಲು ತೆರೆಯುವುದು ಇವುಗಳ ಕೆಲಸವೆನ್ನಬಹುದು.

ಇವಲ್ಲದೆ ಮೊದಲ ಪದರದಲ್ಲಿ ಹೆಚ್ಚಾಗಿರುವ ನ್ಯೂರೋಗ್ಲಿಯಾಫಾರ್ಮ್ ಎಂಬ ಕೋಶಗಳೂ ಉಂಟು. ಇವು ಗಾಬಾವನ್ನು ಒಂದು ಸಂಧಿಯಲ್ಲಿ ಮಾತ್ರ ಸುರಿಸದೆ, ಮಂಜಿನಂತೆ ಸುತ್ತಲೂ ಹರಡಿ ನಿಧಾನವಾದ, ದೀರ್ಘವಾದ ತಡೆಯನ್ನು ಉಂಟುಮಾಡುತ್ತವೆ. ಇಲಿಯ ತೊಗಟೆಯಲ್ಲಿ ಲೆಕ್ಕ ಹಾಕಿದರೆ ತಡೆಯ ಕೋಶಗಳಲ್ಲಿ ನೂರಕ್ಕೆ ಸುಮಾರು 40 ಪಾರ್ವಾಲ್ಬ್ಯುಮಿನ್ ವರ್ಗದವು, 30 ಸೊಮಾಟೊಸ್ಟ್ಯಾಟಿನ್ ವರ್ಗದವು, ಉಳಿದ 30 ವಿ.ಐ.ಪಿ. ಮತ್ತು ನ್ಯೂರೋಗ್ಲಿಯಾಫಾರ್ಮ್ ಮೊದಲಾದವು ಸೇರಿದ ಮೂರನೆಯ ವರ್ಗದವು.

ತಡೆ ಸಡಿಲಿದಾಗ

ಈ ಕಾವಲು ತಪ್ಪಿದರೆ ಏನಾಗುವುದೆಂಬುದಕ್ಕೆ ಅಪಸ್ಮಾರವೇ ನಿದರ್ಶನ. 'ಅಪಸ್ಮಾರ' ಎಂದರೆ ಸ್ಮರಣೆ ಜಾರುವುದು. ಪ್ರಾಚೀನ ವೈದ್ಯರು ಲಕ್ಷಣವನ್ನು ನೋಡಿ ಇಟ್ಟ ಹೆಸರು. ಅಸಂಖ್ಯ ನರಕೋಶಗಳು ಒಮ್ಮೆಲೇ, ಒಂದೇ ತಾಳದಲ್ಲಿ ಸಂದೇಶ ಹೊರಡಿಸುವುದೇ ಅದರ ಒಳಗಣ ಸ್ವರೂಪ. ಮಗ್ಗದ ಎಲ್ಲ ಎಳೆಗಳೂ ಒಟ್ಟಿಗೆ ಎದ್ದ ಸ್ಥಿತಿಯದು. ಅಪಸ್ಮಾರಕ್ಕೆ ಕಾರಣಗಳು ಹಲವು. ತಡೆಯ ಕೋಶಗಳ ದೋಷ ಅವುಗಳಲ್ಲೊಂದು. ಫ್ರಾನ್ಸಿನ ಶಾರ್ಲೆಟ್ ದ್ರಾವೇ ಎಂಬ ವೈದ್ಯೆ 1978ರಲ್ಲಿ ವರ್ಣಿಸಿದ ತೀವ್ರವಾದ ಶೈಶವ ಅಪಸ್ಮಾರವು ಇದಕ್ಕೆ ಉತ್ತಮ ದೃಷ್ಟಾಂತ. ಅದು ಬಹುತೇಕ ಒಂದು ವಂಶವಾಹಿಯ ದೋಷದಿಂದ ಬರುತ್ತದೆ. ಆ ದೋಷದಿಂದ ಮುಖ್ಯವಾಗಿ ಸೊರಗುವುದು ಪ್ರಚೋದಕ ಕೋಶಗಳಲ್ಲ, ತಡೆಯ ಕೋಶಗಳೆಂದು 2006ರಲ್ಲಿ ಇಲಿಗಳಲ್ಲಿ ಕಂಡುಬಂದಿತು. ವೇಗವು ಹೆಚ್ಚಾದುದರಿಂದಲ್ಲ, ಕಡಿವಾಣವು ದುರ್ಬಲವಾದುದರಿಂದ ಕುದುರೆ ಕೆಟ್ಟಿತು. ಈ ಶಿಶುಗಳಲ್ಲಿ ಜ್ವರ ಮತ್ತು ಬಿಸಿನೀರಿನ ಸ್ನಾನ ಮೂರ್ಛೆಯನ್ನು ತರಬಲ್ಲವು.

ಬಿಸಿನೀರಿನ ಅಪಸ್ಮಾರ

ಬಿಸಿನೀರಿನ ಮಾತು ಕರ್ನಾಟಕಕ್ಕೆ ಬೇರೊಂದು ರೀತಿಯಲ್ಲಿ ಸಂಬಂಧಿಸಿದೆ. ಬೇರೆಲ್ಲ ಬಗೆಯಲ್ಲಿ ಆರೋಗ್ಯವಂತರಾದ ಕೆಲವರಿಗೆ, ಅದರಲ್ಲಿಯೂ ಬಾಲಕರಿಗೆ, ತಲೆಯ ಮೇಲೆ ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ಸುರಿದುಕೊಳ್ಳುವಾಗ ಮೂರ್ಛೆ ಬರುವುದುಂಟು. ಇದು ದ್ರಾವೇ ವರ್ಣಿಸಿದ ರೋಗದಿಂದ ಬೇರೆ. ಇದಕ್ಕೆ ಬಿಸಿನೀರಿನ ಅಪಸ್ಮಾರವೆಂದೇ ಹೆಸರು. 1968ರಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಬೆಂಗಳೂರಿನಿಂದ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಇಂಥ 279 ರೋಗಿಗಳ ಅಧ್ಯಯನವನ್ನು 1988ರಲ್ಲಿ ಪ್ರಕಟಿಸಿದರು. ಮುಂದೆ ಅವರೂ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಕೂಡಿ, ಗ್ಲುಟಮೇಟನ್ನು ಸಾಗಿಸುವ ಒಂದು ಪ್ರೋಟೀನಿನ ವಂಶವಾಹಿಯಲ್ಲಿ ವಿರಳವಾದ ವ್ಯತ್ಯಾಸಗಳನ್ನು ಕೆಲವು ರೋಗಿಗಳಲ್ಲಿ ಗುರುತಿಸಿದರು. ಗ್ಲುಟಮೇಟ್ ಪ್ರಚೋದಕ ದ್ರವ್ಯವೂ ಹೌದು, ಗಾಬಾದ ತಾಯಿಬೇರೂ ಹೌದೆಂಬುದನ್ನು ಇಲ್ಲಿ ನೆನೆಯಬೇಕು.

ಇದರ ಚಿಕಿತ್ಸೆಯೇ ಈ ಪ್ರಬಂಧದ ವಿಷಯಕ್ಕೆ ಸಾಕ್ಷಿಯಾಗಿದೆ. ನೀರಿನ ಬಿಸಿಯನ್ನು ಕಡಿಮೆ ಮಾಡಿದರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ. ಸಾಲದವರಿಗೆ, ತಲೆಸ್ನಾನಕ್ಕೆ ಒಂದೂವರೆ ಎರಡು ತಾಸು ಮೊದಲು ಕ್ಲೋಬಜಾಮ್ ಎಂಬ ಔಷಧಿಯನ್ನು ಕೊಡುವ ಪದ್ಧತಿಯನ್ನು ನಿಮ್ಹಾನ್ಸಿನ ವೈದ್ಯರು ರೂಢಿಗೆ ತಂದರು. ಈ ಔಷಧಿ ಮಾಡುವುದಾದರೂ ಏನು? ಗಾಬಾ ತೆರೆಯುವ ಕ್ಲೋರೈಡ್ ಬಾಗಿಲು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತದೆ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್ ಎಂಬ ಅಗ್ಗದ ಔಷಧಿಯು ಅದೇ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಎರಡೂ ಮಿದುಳಿನ ಸ್ವಂತ ತಡೆಗೆ ಬಲ ತುಂಬುತ್ತವೆ. ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್‌ಗಳಂಥ ಅಗ್ಗದ ಔಷಧಿಗಳಿಂದಲೇ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ಡಾ. ಮಣಿಯವರ ತಂಡವು ತೋರಿಸಿತು; ಆ ವರದಿಯು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಳ್ಳಿಗಳಿಗೆ ಈ ಸಂಗತಿ ಹೆಚ್ಚು ಮುಖ್ಯ. ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಲಕ್ಷಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಗ್ರಾಮಗಳಲ್ಲಿ ಅಪಸ್ಮಾರದ ಪ್ರಮಾಣವು ನಗರದ ಸುಮಾರು ಇಮ್ಮಡಿ ಎಂದು ಕಂಡುಬಂದಿತು.

ಪಾಲಕರೂ ವಿದ್ಯಾರ್ಥಿಗಳೂ ತಿಳಿಯಬೇಕಾದುದು

ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಹಂಡೆಯ ಬಿಸಿನೀರಿನಲ್ಲಿ ಎಣ್ಣೆಸ್ನಾನ ಮಾಡಿಸುವಾಗ ಒಂದು ಮಗು ಕಣ್ಣು ತೇಲಿಸಿ ಬಿದ್ದರೆ, ಮನೆಯವರು ಗ್ರಹಚಾರವೆಂದು ಹೆದರುವುದು ಸಹಜ. ಆದರೆ ಅದು ಹಬ್ಬದ ಕೋಪವೂ ಅಲ್ಲ, ಹಂಡೆಯ ದೋಷವೂ ಅಲ್ಲ. ಮಿದುಳಿನ ತಡೆಯು ಕ್ಷಣಕಾಲ ಸೋತ ಗುರುತು. ಆಗ ಮಗುವನ್ನು ಬಚ್ಚಲಿನ ನೀರಿನಿಂದಲೂ ಒಲೆಯಿಂದಲೂ ದೂರ ಸರಿಸಿ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಲ್ಲಿ ಚಮಚೆಯನ್ನಾಗಲಿ ಬಟ್ಟೆಯನ್ನಾಗಲಿ ತುರುಕಬಾರದು, ನೀರು ಕುಡಿಸಬಾರದು, ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಕೈಗೆ ಕಬ್ಬಿಣದ ಕೀಲಿ ಕೊಡುವುದರಿಂದ, ಮೂಗಿಗೆ ಉಳ್ಳಾಗಡ್ಡಿಯನ್ನೋ ಚಪ್ಪಲಿಯನ್ನೋ ಹಿಡಿಯುವುದರಿಂದ ಮೂರ್ಛೆ ನಿಲ್ಲುವುದಿಲ್ಲ. ಬಹುಪಾಲು ಮೂರ್ಛೆಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುವುದರಿಂದ ಕೀಲಿಗೆ ಆ ಕೀರ್ತಿ ಸಂದಿದೆ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಕೊಟ್ಟ ಔಷಧಿಯನ್ನು ಅವರ ಮಾತಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಕಟ್ಟೆಯನ್ನು ಏಕಾಏಕಿ ಒಡೆದರೆ ನೀರು ನುಗ್ಗುವಂತೆ ರೋಗವು ಇಮ್ಮಡಿಯಾಗಿ ಮರುಕಳಿಸಬಹುದು.

ಅಪಸ್ಮಾರವಿದ್ದವರು ಓದಬಹುದು, ದುಡಿಯಬಹುದು, ಸಂಸಾರ ಮಾಡಬಹುದು. ಹಿಂದೂ ವಿವಾಹ ಕಾನೂನಿನಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಕಾನೂನು ಬಿಟ್ಟ ಅಂಜಿಕೆಯನ್ನು ಸಮಾಜವೂ ಬಿಡಬೇಕು. ತರಗತಿಯಲ್ಲಿ ಸಹಪಾಠಿಗೆ ಮೂರ್ಛೆ ಬಂದಾಗ ಓಡಿಹೋಗದೆ ಪಕ್ಕದಲ್ಲಿ ಕುಳಿತು, ಎಚ್ಚರವಾದ ಮೇಲೆ ನಗದೆ ಮಾತನಾಡಿಸುವ ವಿದ್ಯಾರ್ಥಿಯೇ ಈ ಪಾಠವನ್ನು ನಿಜವಾಗಿ ಓದಿದವನು.

ಬಾಗಲಕೋಟೆ ಜಿಲ್ಲೆಯ ಶಾಲೆಗಳು ಬೆಂಗಳೂರಿಗೆ ಪ್ರವಾಸ ಕೈಗೊಂಡಾಗ ನಿಮ್ಹಾನ್ಸಿನ ಮಿದುಳು ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸುವುದು ಉಚಿತ. ಅಲ್ಲಿ ಮನುಷ್ಯನ ಮಿದುಳನ್ನು ಪ್ರತ್ಯಕ್ಷವಾಗಿ ಕಾಣಬಹುದು. ಮಡಿಕೆ ಮಡಿಕೆಯಾದ ಆ ತೊಗಟೆಯೊಳಗೆ, ಹತ್ತು ಕೋಶಗಳಲ್ಲಿ ಎಂಟು ಕೂಗುತ್ತಿದ್ದರೆ ಎರಡು ಎಲ್ಲಿ, ಯಾವಾಗ, ಎಷ್ಟು ಕೂಗಬೇಕೆಂಬುದನ್ನು ಹೇಳುತ್ತವೆ. ಕೂಗಿಗೆ ಅರ್ಥ ಬರುವುದು ಆ ಎರಡರ ಸಂಯಮದಿಂದ.